ಗರ್ಭಿಣಿಯರ ರಕ್ತಹೀನತೆಯ ಗುಟ್ಟು ಬಿಡಿಸಿದ ಡಾ. ಲೂಸಿ ವಿಲ್ಸ್

ಗರ್ಭಿಣಿಗೆ ನಾಲ್ಕನೇ ತಿಂಗಳು ತುಂಬುವ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಂಪು ಮಾತ್ರೆಗಳನ್ನು ಕೊಡುತ್ತಾರೆ. ಕೆಲವೊಮ್ಮೆ ಆಶಾ ಕಾರ್ಯಕರ್ತೆಯೇ ಮನೆಬಾಗಿಲಿಗೆ ತಂದುಕೊಡುತ್ತಾಳೆ. ಮನೆಮಂದಿಯೆಲ್ಲ ಅದನ್ನು ಕಬ್ಬಿಣದ ಮಾತ್ರೆ ಎಂದೇ ಕರೆಯುತ್ತಾರೆ. ಆದರೆ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದ ಜೊತೆಗೆ ಅರ್ಧ ಮಿಲಿಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಪ್ರಮಾಣದಲ್ಲಿ ಅತ್ಯಲ್ಪವಾದ ಈ ಎರಡನೆಯ ವಸ್ತು ಅಲ್ಲಿಗೆ ಹೇಗೆ ಬಂತು ಎಂಬುದರ ಹಿಂದೆ ಒಬ್ಬ ಮಹಿಳೆಯ ಬದುಕಿದೆ. ಆ ಬದುಕಿನ ಅತಿ ಮುಖ್ಯ ವರ್ಷಗಳು ಕಳೆದದ್ದು ನಮ್ಮ ದೇಶದಲ್ಲಿ, ಮುಂಬಯಿಯ ಬಡ ಹೆಣ್ಣುಮಕ್ಕಳ ನಡುವೆ. ಅವರಲ್ಲೂ ಹೆಚ್ಚಾಗಿ ಬಡ ಮುಸ್ಲಿಮ್ ಗರ್ಭಿಣಿಯರ ಕಷ್ಟವೇ ಆಕೆಯನ್ನು ಆ ಶೋಧದತ್ತ ನಡೆಸಿತು. ಹೀಗಿದ್ದೂ ಆಕೆಯ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ.

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಅನುಕೂಲಸ್ಥ ಕುಟುಂಬ. ಕುಡುಗೋಲು ಮುಂತಾದ ಹರಿತದ ಉಪಕರಣಗಳನ್ನು ತಯಾರಿಸುವುದು ಮನೆತನದ ಉದ್ಯೋಗವಾಗಿತ್ತು. ಕಬ್ಬಿಣದ ಉದ್ಯಮದ ಮನೆಯಲ್ಲಿ ಹುಟ್ಟಿದವಳು, ರಕ್ತಕ್ಕೆ ಕಬ್ಬಿಣವೊಂದೇ ಸಾಲದು ಎಂದು ಮುಂದೆ ಜಗತ್ತಿಗೆ ತೋರಿಸಿಕೊಟ್ಟಳು ಎಂಬುದು ಸ್ವಾರಸ್ಯಕರ. ತಂದೆ ವಿಜ್ಞಾನ ಪದವೀಧರರು, ತಾಯಿ ವೈದ್ಯರೊಬ್ಬರ ಮಗಳು. ಹೀಗಾಗಿ ಹೆಣ್ಣುಮಗಳಿಗೆ ಓದೇಕೆ ಎನ್ನುವ ಮಾತು ಆ ಮನೆಯಲ್ಲಿ ಹುಟ್ಟಲಿಲ್ಲ.

ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿ 1907ರಲ್ಲಿ ಅವರು ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜು ಸೇರಿದರು. ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಅವರ ವಿಷಯಗಳು. 1911ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಆದರೆ ಪದವಿ ಸಿಗಲಿಲ್ಲ. ಹೆಣ್ಣುಮಕ್ಕಳು ಗಂಡುಮಕ್ಕಳ ಜೊತೆಗೇ ಓದಿ, ಅದೇ ಪರೀಕ್ಷೆ ಬರೆದು ಪಾಸಾದರೂ ಕೇಂಬ್ರಿಜ್ ವಿಶ್ವವಿದ್ಯಾಲಯ 1948ರವರೆಗೆ ಅವರಿಗೆ ಪದವಿ ಕೊಡುತ್ತಿರಲಿಲ್ಲ. ಪಶ್ಚಿಮದವರು ಸ್ತ್ರೀಶಿಕ್ಷಣದಲ್ಲಿ ಮೊದಲಿನಿಂದಲೂ ಮುಂದಿದ್ದರು ಎಂದು ನಂಬಿರುವವರು ಈ ಇಸವಿಯನ್ನು ಗಮನಿಸಬೇಕು.

ಅದೇ 1911ರಲ್ಲಿ ತಂದೆ ತೀರಿಕೊಂಡರು. 1913ರಲ್ಲಿ ಪ್ರೀತಿಯ ಅಕ್ಕನೂ ಚಿಕ್ಕ ವಯಸ್ಸಿನಲ್ಲೇ ಹೋದಳು. ದುಃಖ ಮರೆಯಲು ತಾಯಿಯೊಡನೆ ಸಿಲೋನ್‌ಗೆ ಬಂದು ಹೋದರು. 1914ರಲ್ಲಿ ಗೆಳತಿಯೊಬ್ಬಳ ಜೊತೆ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ಕೇಪ್‌ಟೌನ್‌ನ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಸ್ವಯಂಸೇವಕಿಯಾಗಿ ದಾದಿಯ ಕೆಲಸ ಮಾಡಿದರು. ಊರಿಗೆ ಮರಳಿದವರು 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ಆಗ ಅವರಿಗೆ ವಯಸ್ಸು 26.

ರಾಯಲ್ ಫ್ರೀ ಆಸ್ಪತ್ರೆಗೆ ಹೊಂದಿಕೊಂಡಿದ್ದ ಈ ಶಾಲೆ, ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ಕೊಡಲು ಹುಟ್ಟಿದ ಮೊದಲ ಸಂಸ್ಥೆ. ಗಂಡಸು ವೈದ್ಯರ ಮುಂದೆ ಬರಲೊಪ್ಪದ ಗೋಷಾ ಹೆಂಗಸರಿಗೆ ಭಾರತದಲ್ಲಿ ಮಹಿಳಾ ವೈದ್ಯರು ಬೇಕಾಗಿದ್ದರು. ಆದ್ದರಿಂದ ಇಲ್ಲಿ ಕಲಿತ ಎಷ್ಟೋ ಮಂದಿ ಭಾರತಕ್ಕೆ ಬರುತ್ತಿದ್ದರು, ಭಾರತದಿಂದಲೂ ವಿದ್ಯಾರ್ಥಿನಿಯರು ಅಲ್ಲಿಗೆ ಹೋಗುತ್ತಿದ್ದರು. ಲೂಸಿ ಓದುತ್ತಿದ್ದ ವರ್ಷಗಳಲ್ಲೇ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಜೆರೂಷಾ ಝಿರಾಡ್ ಅವರೂ ಅಲ್ಲಿ ಕಲಿಯುತ್ತಿದ್ದರು. ಬೆನೆ ಇಸ್ರೇಲ್ ಯಹೂದಿ ಸಮುದಾಯದ ಈ ಮಹಿಳೆ 1919ರಲ್ಲಿ ಎಂ.ಡಿ. ಪದವಿ ಪಡೆದು, ಮುಂದೆ ಮುಂಬಯಿಯ ಕಾಮಾ ಆಸ್ಪತ್ರೆಯನ್ನು ದೀರ್ಘಕಾಲ ನಡೆಸಿದರು. ಅವರ ಬಗ್ಗೆ ಬೇರೆಯದೇ ಲೇಖನ ಬರೆಯಬೇಕು.

1920ರಲ್ಲಿ ವೈದ್ಯಪದವಿ ಮುಗಿಸಿದ ಲೂಸಿ ಅವರು ದವಾಖಾನೆ ತೆರೆಯಲಿಲ್ಲ. ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗರ್ಭಿಣಿಯರ ದೇಹದಲ್ಲಾಗುವ ಬದಲಾವಣೆಗಳ ಸಂಶೋಧನೆ ಮತ್ತು ಬೋಧನೆಗೆ ತೊಡಗಿದರು.

ಇಲ್ಲಿಂದ ಮುಂದಿನ ಕಥೆ ಅರ್ಥವಾಗಬೇಕಾದರೆ ಹಿಮೋಗ್ಲೋಬಿನ್ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು ಇದು. 1864ರಲ್ಲಿ ಇದಕ್ಕೆ ಹೆಸರಿಟ್ಟವರು ಜರ್ಮನಿಯ ಹೋಪ್ಪೆ ಸೈಲರ್. ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಶ್ವಾಸಕೋಶಕ್ಕೆ ಬಂದಾಗ ಪ್ರತಿ ಕಬ್ಬಿಣವೂ ಆಮ್ಲಜನಕದ ಒಂದು ಅಣುವನ್ನು ಹಿಡಿದುಕೊಂಡು, ಮೈಯ ಮೂಲೆಮೂಲೆಗೆ ಒಯ್ದು ಬಿಟ್ಟುಬರುತ್ತದೆ. ದೊಡ್ಡವರ ದೇಹದಲ್ಲಿರುವ ಒಟ್ಟು ಕಬ್ಬಿಣ ಕೇವಲ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಭಾಗದಷ್ಟು ಹಿಮೋಗ್ಲೋಬಿನ್ನಿನಲ್ಲೇ ಇರುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸತ್ತ ಕಣದ ಕಬ್ಬಿಣವನ್ನು ದೇಹ ಎಸೆಯುವುದಿಲ್ಲ, ಜಾಣ ಗೃಹಿಣಿಯಂತೆ ತೆಗೆದಿಟ್ಟು ಹೊಸ ಕಣಕ್ಕೆ ಬಳಸುತ್ತದೆ. ಆದ್ದರಿಂದ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಮಿಲಿಗ್ರಾಂ ಕಬ್ಬಿಣ ಊಟದಿಂದ ರಕ್ತಕ್ಕೆ ಸೇರಿದರೆ ಸಾಕು. ಆದರೆ ಗರ್ಭಾವಸ್ಥೆಯಲ್ಲಿ ಹಾಗಲ್ಲ. ಮಗು, ಮಾಸು, ತಾಯಿಯದೇ ಹೆಚ್ಚಿದ ರಕ್ತ, ಹೆರಿಗೆಯ ರಕ್ತಸ್ರಾವ, ಎಲ್ಲ ಸೇರಿ ಆ ತಿಂಗಳುಗಳಲ್ಲಿ ಸುಮಾರು ಒಂದು ಗ್ರಾಂ ಕಬ್ಬಿಣ ಬೇಕಾಗುತ್ತದೆ.

ಕಬ್ಬಿಣ ಕಡಿಮೆಯಾದರೆ ಹಿಮೋಗ್ಲೋಬಿನ್ ಇಳಿಯುತ್ತದೆ, ರಕ್ತಕಣಗಳು ಚಿಕ್ಕದಾಗಿ ಬಿಳಿಚಿಕೊಳ್ಳುತ್ತವೆ. ಇಷ್ಟು ಆಗಿನ ವೈದ್ಯರಿಗೆ ಗೊತ್ತಿತ್ತು. ಅವರನ್ನು ಕಂಗೆಡಿಸಿದ್ದು ಇನ್ನೊಂದು ಬಗೆಯ ರಕ್ತಹೀನತೆ. ಅದರಲ್ಲೂ ಹಿಮೋಗ್ಲೋಬಿನ್ ಪಾತಾಳಕ್ಕೆ ಇಳಿಯುತ್ತಿತ್ತು, ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣಗಳು ಚಿಕ್ಕದಾಗಿರುವ ಬದಲು ಮಾಮೂಲಿಗಿಂತ ದೊಡ್ಡದಾಗಿರುತ್ತಿದ್ದವು. ಕಬ್ಬಿಣ ಕೊಟ್ಟರೂ ಗುಣ ಕಾಣುತ್ತಿರಲಿಲ್ಲ. ಮುಂಬಯಿಯ ಗರ್ಭಿಣಿಯರಲ್ಲಿ ಇದು ಹೆಚ್ಚಾಗಿತ್ತು. ತಿಂಗಳು ತುಂಬುತ್ತಿದ್ದಂತೆ ಕೈಕಾಲು ಬಾತು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದ ಅವರಲ್ಲಿ ಎಷ್ಟೋ ಮಂದಿ ಹೆರಿಗೆಯ ಆಸುಪಾಸಿನಲ್ಲಿ ಪ್ರಾಣ ಬಿಡುತ್ತಿದ್ದರು.

ಭಾರತದಲ್ಲಿ ದಶಕಗಳಿಂದ ವೈದ್ಯಸೇವೆಯಲ್ಲಿದ್ದ ಡಾ. ಮಾರ್ಗರೆಟ್ ಬಾಲ್‌ಫೋರ್ ಅವರು ಮುಂಬಯಿಯ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯಲ್ಲಿ ಬಾಣಂತಿಯರ ಸಾವಿನ ಕಾರಣಗಳ ವಿಚಾರಣೆ ನಡೆಸುತ್ತಿದ್ದರು. ಅವರ ಜೊತೆಗೂಡಲು ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದಿಳಿದರು. ವಯಸ್ಸು 40.

ಮೊದಲು ಅವರು ಅನುಮಾನಿಸಿದ್ದು ಸೋಂಕನ್ನು. ಕರುಳಿನಲ್ಲಿ ಯಾವುದಾದರೂ ರೋಗಾಣು ಸೇರಿಕೊಂಡು ರಕ್ತವನ್ನು ಕೆಡಿಸುತ್ತಿರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಗ ಭಾರತೀಯ ಸಹೋದ್ಯೋಗಿಗಳಾದ ಮೆಹ್ತಾ, ತಲ್ಪಾಡೆ ಮುಂತಾದವರ ಜೊತೆ ಸೇರಿ ಬೇರೊಂದು ದಾರಿ ಹಿಡಿದರು. ಮುಂಬಯಿಯ ಬೇರೆಬೇರೆ ವರ್ಗದ ಹೆಂಗಸರು ಎಂಥ ಮನೆಗಳಲ್ಲಿ ಇರುತ್ತಾರೆ, ಏನು ಉಣ್ಣುತ್ತಾರೆ ಎಂದು ಸಮೀಕ್ಷೆ ಮಾಡಿದರು. ಪ್ರಯೋಗಾಲಯದ ಗಾಜಿನ ಪಟ್ಟಿಯಿಂದ ಕಣ್ಣೆತ್ತಿ ಅಡುಗೆಮನೆಯ ಕಡೆ ನೋಡಿದ್ದೇ ಈ ಕಥೆಯ ತಿರುವು ಎಂದು ನನಗನ್ನಿಸುತ್ತದೆ. ಊಟ ಎಷ್ಟು ಕಳಪೆಯೋ ರಕ್ತಹೀನತೆ ಅಷ್ಟು ಹೆಚ್ಚು ಎಂಬುದು ಕಂಡುಬಂತು. ಅತ್ಯಂತ ಕಳಪೆ ಊಟವೂ ಅತಿ ಹೆಚ್ಚು ರಕ್ತಹೀನತೆಯೂ ಒಟ್ಟಿಗೆ ಕಂಡದ್ದು ಬಡ ಮುಸ್ಲಿಮ್ ಹೆಂಗಸರಲ್ಲಿ.

ಇದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ಈ ಫಲಿತಾಂಶವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಮಾಂಸ ತಿನ್ನುವ ಸಮುದಾಯಕ್ಕೆ ರಕ್ತದ ಕೊರತೆ ಹೇಗೆ ಬಂತು ಎಂದು ಯಾರಾದರೂ ಕೇಳಬಹುದು. ಹಬ್ಬಕ್ಕೊಂದು ದಿನ ಮಾಂಸ ಬೇಯುವುದು ಬೇರೆ, ವರ್ಷವಿಡೀ ತಟ್ಟೆಯಲ್ಲಿ ಏನಿರುತ್ತದೆ ಎಂಬುದು ಬೇರೆ. ಆ ಹೆಂಗಸರ ಊಟದಲ್ಲಿ ಜೀವಸತ್ವಗಳಿರುವ ಪದಾರ್ಥಗಳು ತೀರ ಕಡಿಮೆ. ರೋಗದ ಕಾರಣ ಇದ್ದದ್ದು ಮತದಲ್ಲಿ ಅಲ್ಲ, ಬಡತನದಲ್ಲಿ. ಅದರ ಮೇಲೆ ಗಂಡಸರು ಮಕ್ಕಳು ಉಂಡು ಎದ್ದಮೇಲೆ ಮಿಕ್ಕದ್ದರಲ್ಲಿ ಹೆಂಗಸು ಊಟ ಮುಗಿಸುವ ಪದ್ಧತಿ. ಇದು ಆ ಕಾಲದ ಮುಂಬಯಿಗೆ, ಒಂದೇ ಸಮುದಾಯಕ್ಕೆ ಸೀಮಿತವಾದದ್ದೇನೂ ಅಲ್ಲ.

1929ರಲ್ಲಿ ಕೆಲವು ತಿಂಗಳು ಲೂಸಿ ಅವರು ನೀಲಗಿರಿಯ ಕೂನೂರಿಗೆ ಹೋದರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಆಹಾರದ ಬಗ್ಗೆ ಹೆಸರಾಂತ ಸಂಶೋಧನೆ ನಡೆಸುತ್ತಿದ್ದರು. ಮುಂಬಯಿಯ ಆ ಹೆಂಗಸರ ಊಟವನ್ನೇ ಹೋಲುವ ಆಹಾರವನ್ನು ಲೂಸಿ ಇಲಿಗಳಿಗೆ ಕೊಟ್ಟು ನೋಡಿದರು. ಗರ್ಭ ಧರಿಸಿದ ಇಲಿಗಳಿಗೆ ರಕ್ತಹೀನತೆ ಬಂತು, ಮರಿ ಹಾಕುವ ಮೊದಲೇ ಸತ್ತವು. ಅದೇ ಆಹಾರಕ್ಕೆ ಯೀಸ್ಟ್ ಬೆರೆಸಿದಾಗ ರೋಗ ಬರಲಿಲ್ಲ. ಆ ಇಲಿಗಳಿಗೆ ಹೇನಿನಿಂದ ಹರಡುವ ಬೇರೊಂದು ಸೋಂಕೂ ತಗಲಿತ್ತೆಂದು ಆಮೇಲೆ ತಿಳಿದದ್ದರಿಂದ ಆ ಪ್ರಯೋಗವನ್ನೇ ಪೂರ್ತಿ ನೆಚ್ಚುವಂತಿರಲಿಲ್ಲ. ಆದರೆ ಯೀಸ್ಟ್ ಎಂಬ ಸುಳಿವು ಮಾತ್ರ ನಿಜವಾದದ್ದಾಗಿತ್ತು.

ಮುಂಬಯಿಗೆ ಮರಳಿದವರು ರೋಗಿಗಳಿಗೆ ಯೀಸ್ಟ್ ಸಾರವನ್ನು ಕೊಟ್ಟು ನೋಡಿದರು. ಅವರು ಆರಿಸಿಕೊಂಡದ್ದು ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ತೆಗೆದ ಈ ಕಪ್ಪನೆಯ, ಉಪ್ಪುಪ್ಪಾದ ಲೇಹ್ಯವನ್ನು ಇಂಗ್ಲೆಂಡಿನಲ್ಲಿ ಜನ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಅಗ್ಗದಲ್ಲಿ ಸಿಗುತ್ತದೆ ಎಂಬುದೇ ಅದನ್ನು ಆರಿಸಲು ಮುಖ್ಯ ಕಾರಣ. ದುಬಾರಿ ಔಷಧಿ ಕಂಡುಹಿಡಿದು ಬಡವರ ರೋಗ ವಾಸಿ ಮಾಡುತ್ತೇನೆಂದರೆ ಆಗುವ ಮಾತಲ್ಲ ಎಂದು ಅವರಿಗೆ ಗೊತ್ತಿತ್ತು. ಕೆಲವೇ ದಿನಗಳಲ್ಲಿ ರೋಗಿಗಳ ರಕ್ತದಲ್ಲಿ ಹೊಸ ಕಣಗಳು ಕಾಣಿಸಿಕೊಂಡವು, ಹಿಮೋಗ್ಲೋಬಿನ್ ಏರತೊಡಗಿತು. ಈ ಫಲಿತಾಂಶ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮುಂದೆ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲೂ ಇದೇ ಗುಣ ಕಂಡುಬಂತು.

1931ರ ಆರಂಭದಲ್ಲಿ ಅವರು ಮದರಾಸಿನ ಗೋಷಾ ಆಸ್ಪತ್ರೆಯಲ್ಲಿದ್ದರು. ಮೇರಿ ಶಾರ್ಲೀಬ್ ಎಂಬ ವೈದ್ಯೆ, ಅವರೂ ಲಂಡನ್ನಿನ ಅದೇ ಶಾಲೆಯವರು, 1885ರಲ್ಲಿ ಸ್ಥಾಪಿಸಿದ ಆಸ್ಪತ್ರೆ ಅದು. ಗೋಷಾ ಪಾಲಿಸುವ ಮತ್ತು ಜಾತಿಕಟ್ಟಳೆಯ ಹೆಂಗಸರಿಗೆಂದೇ ಕಟ್ಟಿದ ಆ ಆಸ್ಪತ್ರೆ ಇಂದು ಕಸ್ತೂರಬಾ ಗಾಂಧಿ ಆಸ್ಪತ್ರೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಯೀಸ್ಟ್‌ನಲ್ಲಿ ಇರುವುದೇನು ಎಂಬ ಪ್ರಶ್ನೆ ಉಳಿಯಿತು. ಆಗಷ್ಟೇ, 1926ರಲ್ಲಿ, ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಮಾರಕವೆನಿಸಿದ್ದ ಇನ್ನೊಂದು ರಕ್ತಹೀನತೆ ಲಿವರ್ ತಿನ್ನಿಸಿದರೆ ಗುಣವಾಗುತ್ತದೆಂದು ತೋರಿಸಿದ್ದರು. ಆ ರೋಗದಲ್ಲೂ ರಕ್ತಕಣಗಳು ದೊಡ್ಡದಾಗಿರುತ್ತವೆ. ಎರಡೂ ಒಂದೇ ರೋಗವಿರಬಹುದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಲೂಸಿ ಅವರು ಆತುರಪಡಲಿಲ್ಲ. ಹಸಿ ಲಿವರಿನ ಒರಟು ಸಾರ ಕೊಟ್ಟರೆ ತಮ್ಮ ರೋಗಿಗಳೂ ಗುಣವಾಗುತ್ತಾರೆ, ಆದರೆ ಚೆನ್ನಾಗಿ ಶುದ್ಧೀಕರಿಸಿದ ಸಾರ ಕೊಟ್ಟರೆ ಗುಣವಾಗುವುದಿಲ್ಲ ಎಂಬುದನ್ನು ಗಮನಿಸಿದರು. ಅಂದರೆ ಶುದ್ಧೀಕರಿಸುವಾಗ ಕಳೆದುಹೋಗುವ ಬೇರೆಯೇ ಒಂದು ಅಂಶ ಇರಬೇಕು. 1937ರಲ್ಲಿ ಸಹೋದ್ಯೋಗಿಗಳೊಂದಿಗೆ ಇದನ್ನು ಪ್ರಕಟಿಸಿದರು. ವಿಜ್ಞಾನಿಗಳು ಆ ಅಪರಿಚಿತ ವಸ್ತುವನ್ನು ವಿಲ್ಸ್ ಅಂಶ ಎಂದು ಕರೆದರು.

ಅದು ಏನೆಂದು ತಿಳಿದದ್ದು ಇತರರಿಂದ. 1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದನ್ನು ಕೃತಕವಾಗಿ ತಯಾರಿಸಿದ್ದು 1945ರ ಸುಮಾರಿಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಸ್ಪ್ರೂ ಎಂಬ ಕರುಳಿನ ಬೇನೆಗೆ ಸ್ವಂತ ಸಹೋದರರನ್ನು ಕಳೆದುಕೊಂಡಿದ್ದ ಸುಬ್ಬರಾವ್ ಅವರಿಗೆ ಇದು ಬರಿಯ ರಸಾಯನಶಾಸ್ತ್ರವಾಗಿರಲಿಲ್ಲ. ಸ್ಪ್ರೂ ರೋಗಿಗಳಲ್ಲೂ ಇದೇ ಬಗೆಯ ರಕ್ತಹೀನತೆ ಕಾಣಿಸುತ್ತದೆ. ಶುದ್ಧ ಲಿವರ್ ಸಾರದಲ್ಲಿದ್ದ ಇನ್ನೊಂದು ವಸ್ತು ಬಿ12 ಜೀವಸತ್ವವೆಂದು 1948ರಲ್ಲಿ ಗೊತ್ತಾಯಿತು. ಲೂಸಿ ಅವರ ಲೆಕ್ಕ ಸರಿಯಾಗಿತ್ತು.

ಫೋಲಿಕ್ ಆಮ್ಲಕ್ಕೂ ಹಿಮೋಗ್ಲೋಬಿನ್‌ಗೂ ಏನು ಸಂಬಂಧ? ಮೂಳೆಯ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯಬೇಕಾದರೆ ಅದರ ಡಿ.ಎನ್.ಎ. ಇಮ್ಮಡಿಯಾಗಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕೇಬೇಕು. ಇಲ್ಲದಿದ್ದರೆ ಕೋಶ ಒಡೆಯಲಾಗದೆ ಊದಿಕೊಂಡು, ಬಹುಪಾಲು ಮಜ್ಜೆಯಲ್ಲೇ ಸಾಯುತ್ತದೆ. ಕಬ್ಬಿಣ ಎಷ್ಟಿದ್ದರೇನು, ಹಿಮೋಗ್ಲೋಬಿನ್ ತುಂಬಿಕೊಳ್ಳಬೇಕಾದ ಪಾತ್ರೆಯೇ ತಯಾರಾಗುವುದಿಲ್ಲ. ಹೀಗಾಗಿ ಹಿಮೋಗ್ಲೋಬಿನ್ 7 ಇದೆ, 8 ಇದೆ ಎಂದು ಬರೆದ ಚೀಟಿ ಕೊರತೆ ಎಷ್ಟೆಂದು ಹೇಳುತ್ತದೆಯೇ ಹೊರತು ಯಾವುದರ ಕೊರತೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಕಣದ ಗಾತ್ರವನ್ನೂ ನೋಡಬೇಕು. ಎರಡೂ ಕೊರತೆಗಳು ಒಬ್ಬಳಲ್ಲೇ ಕೂಡಿಬಂದರೆ ಗಾತ್ರವೂ ಮೋಸ ಮಾಡಬಹುದು. ನಮ್ಮ ಮಾತ್ರೆಯಲ್ಲಿ ಎರಡನ್ನೂ ಒಟ್ಟಿಗೆ ಸೇರಿಸಿರುವುದರಲ್ಲಿ ಅರ್ಥವಿದೆ.

ಇವೆಲ್ಲ ಸಿಗುವುದು ಮಾತ್ರೆಯಲ್ಲಿ ಮಾತ್ರವೇ ಅಲ್ಲ. ಹಸಿರು ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ, ಶೇಂಗಾ, ಕಿತ್ತಳೆ, ಮೊಟ್ಟೆ, ಇವುಗಳಲ್ಲಿ ಫೋಲಿಕ್ ಆಮ್ಲ ಸಹಜ ರೂಪದಲ್ಲಿದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಹೆಚ್ಚು ಕುದಿಸಿದರೆ ಹಾಳಾಗುತ್ತದೆ. ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸಿ ನೀರು ಬಸಿದು ಚೆಲ್ಲುವವರು ಒಳ್ಳೆಯದನ್ನೇ ಚೆಲ್ಲುತ್ತಾರೆ. ಬಸಿದ ನೀರನ್ನೇ ಸಾರು ಮಾಡುವ ನಮ್ಮ ಬಸ್ಸಾರಿನವರು ಬುದ್ಧಿವಂತರು. ಕಬ್ಬಿಣದ ಮಾತು ಬಂದರೆ, ಮಾಂಸದ ಹಿಮೋಗ್ಲೋಬಿನ್ ಮುಂತಾದವುಗಳಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಸೊಪ್ಪು ಕಾಳುಗಳದ್ದು ಅಷ್ಟು ಹತ್ತುವುದಿಲ್ಲ, ಜೊತೆಗೆ ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಲಿವರ್, ಅಂದರೆ ನಮ್ಮ ಮನೆಗಳ ಕಲೇಜಿ, ಎರಡರ ಗಣಿಯೇ ಹೌದು. ಆದರೆ ಅದರಲ್ಲಿ ಎ ಜೀವಸತ್ವ ಅತಿಯಾಗಿರುವುದರಿಂದ ಗರ್ಭಿಣಿಯರು ವೈದ್ಯರನ್ನು ಕೇಳದೆ ತಿನ್ನಬಾರದು ಎಂಬುದು ಇಂದಿನ ತಿಳುವಳಿಕೆ.

ಮತ್ತೆ ಲೂಸಿ ಅವರ ಬದುಕಿಗೆ ಬರೋಣ. 1933ರ ಹೊತ್ತಿಗೆ ಲಂಡನ್ನಿಗೆ ಮರಳಿದ್ದ ಅವರು 1937ರ ಕೊನೆಯಲ್ಲಿ ಇನ್ನೊಮ್ಮೆ ಹಾಫ್‌ಕಿನ್ ಸಂಸ್ಥೆಗೆ ಬಂದರು. ಈ ಸಲ ಹಡಗಿನ ಬದಲು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ, ಅಲ್ಲಲ್ಲಿ ಇಳಿದು ರಾತ್ರಿ ತಂಗುತ್ತ ಕರಾಚಿಯವರೆಗೆ ಬಂದು, ಅಲ್ಲಿಂದ ಹಡಗು ಹಿಡಿದರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಲಂಡನ್ನಿನಲ್ಲೇ ಉಳಿದರು. 1944ರ ಜುಲೈನಲ್ಲಿ ಅವರ ಆಸ್ಪತ್ರೆಯ ಮೇಲೇ ಜರ್ಮನರ ಹಾರುಬಾಂಬು ಬಿದ್ದು ಹಲವರು ಸತ್ತರು, ಕೆಲವೇ ದಿನಗಳಲ್ಲಿ ಪ್ರಯೋಗಾಲಯ ಮತ್ತೆ ಕೆಲಸ ಆರಂಭಿಸಿತು. ಈ ಕಾಲದಲ್ಲಿ ಅವರು ಕೈಗೆತ್ತಿಕೊಂಡದ್ದು ಕಬ್ಬಿಣದ ಪ್ರಶ್ನೆಯನ್ನು. ಯುದ್ಧಕಾಲದ ಪಡಿತರದಲ್ಲಿ ಬದುಕುತ್ತಿದ್ದ ಗರ್ಭಿಣಿಯರ ಹಿಮೋಗ್ಲೋಬಿನ್ ಹೇಗಿದೆ, ಎಲ್ಲರಿಗೂ ಕಬ್ಬಿಣದ ಮಾತ್ರೆ ಕೊಟ್ಟರೆ ಏನು ವ್ಯತ್ಯಾಸವಾಗುತ್ತದೆ ಎಂದು ಅಳೆದು ನೋಡಿ 1947ರಲ್ಲಿ ಪ್ರಕಟಿಸಿದರು. ಕಬ್ಬಿಣ ಒಂದೇ ಸಾಲದು ಎಂದವರು ಕಬ್ಬಿಣವನ್ನು ಕಡೆಗಣಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಅದೇ ವರ್ಷ ನಿವೃತ್ತರಾದರು. ನಿವೃತ್ತಿಯ ಬಳಿಕವೂ ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾಗಳಿಗೆ ಹೋಗಿ ಬಡವರ ಊಟ ಮತ್ತು ರಕ್ತಹೀನತೆಯ ಅಧ್ಯಯನ ಮುಂದುವರಿಸಿದರು. ಅವರು ಮದುವೆಯಾಗಲಿಲ್ಲ. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು, ಕೈತೋಟ ಇಷ್ಟವಾಗಿತ್ತು. ಕಾರಿನ ಅನುಕೂಲವಿದ್ದ ಕಾಲದಲ್ಲೂ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಲಂಡನ್ನಿನ ಚೆಲ್ಸೀ ನಗರಸಭೆಗೆ ಲೇಬರ್ ಪಕ್ಷದಿಂದ ಸದಸ್ಯರಾಗಿದ್ದರು. 1964ರ ಏಪ್ರಿಲ್ 16ರಂದು, 75ನೇ ವಯಸ್ಸಿನಲ್ಲಿ ನಿಧನರಾದರು. ಲಿವರ್ ಚಿಕಿತ್ಸೆ ಕಂಡುಹಿಡಿದವರಿಗೆ 1934ರಲ್ಲಿ ನೊಬೆಲ್ ಬಂದಿತ್ತು, ಇವರಿಗೆ ಅಂಥದ್ದೇನೂ ಬರಲಿಲ್ಲ.

ಅವರು ತೀರಿಕೊಂಡು 27 ವರ್ಷಗಳ ನಂತರ, 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಹಿಂದೆ ಬೆನ್ನುಹುರಿಯ ಊನವಿರುವ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದರೆ ಮುಂದಿನ ಮಗುವಿಗೆ ಅದೇ ಊನ ಬರುವ ಅಪಾಯ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ ಎಂದು ಅದರಿಂದ ಸಿದ್ಧವಾಯಿತು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭದ ಮೊದಲ ನಾಲ್ಕು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ತಾನು ಗರ್ಭಿಣಿ ಎಂದು ಗೊತ್ತಾಗುವ ಮೊದಲೇ. ಆದ್ದರಿಂದ ಮದುವೆಯಾಗಿ ಮಗುವನ್ನು ಬಯಸುವ ಹೆಣ್ಣುಮಕ್ಕಳು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು.